ಇಳಿಯದ ಗಾಜು

"ಗುಡ್ಡದ ಮಠಕ್ಕೆ ದಾರಿ ಇದೇ ಏನಪ್ಪಾ?" ಎಂದು ಗುರುತಾಯಿ ಕುರಿ ಕಾಯುವವನನ್ನು ಕೇಳಿದರು. ಹಿಂದಿನ ಕವಲಿನಲ್ಲೇ ತಪ್ಪಿದ್ದೀರಿ ಎಂದು ಅವನು ಅವರು ಬಂದ ದಾರಿಯನ್ನೇ ತೋರಿಸಿದ. ಊರೂರು ತಿರುಗಿದ ಗುರುತಾಯಿಗೆ ದಾರಿ ತಪ್ಪುವುದು ಹೊಸದಲ್ಲ. ಜೊತೆಗಿದ್ದ ಶಿಷ್ಯೆ ನೀಲಾಂಬಿಕೆಗೆ ಮಾತ್ರ ಅವಸರ. ಮಠಕ್ಕೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳನ್ನು ಅಂದು ಅವಳ ಕೈಗೆ ಒಪ್ಪಿಸುವುದಿತ್ತು.

ಹಿಂದಕ್ಕೆ ನಡೆಯುತ್ತ ಅವಳು ಕೇಳಿದಳು. "ತಾಯಿ, ಹಸಿವು, ಬೈಗುಳ, ನಿದ್ದೆಗೇಡು ಎಲ್ಲ ಉಂಡವಳು ನಾನು. ನನ್ನ ಕೈಕೆಳಗಿನವರಿಗೆ ಅದನ್ನು ಉಣಿಸುವುದುಂಟೇ? ಕಷ್ಟ ಕಂಡವರು ಇನ್ನೊಬ್ಬರಿಗೆ ಕಷ್ಟ ಕೊಡುತ್ತಾರೆಯೇ?"

ಗುರುತಾಯಿ ಈ ಕತೆ ಹೇಳಿದರು.

ಒಬ್ಬ ಲಾರಿ ಚಾಲಕನ ಹೆಂಡತಿ ಇದ್ದಳು. ಗಂಡನ ಜೊತೆ ಕ್ಯಾಬಿನ್ನಿನಲ್ಲೇ ಸಂಸಾರ ಮಾಡಿದವಳು. ಮುಂದಕ್ಕೆ ಮೂತಿ ಚಾಚಿದ ಹಳೆಯ ಕಾಲದ ಲಾರಿ. ಎಂಜಿನ್ನಿನ ಕಾವು ಕಾಲಬುಡಕ್ಕೇ ಹೊಡೆಯುತ್ತಿತ್ತು. ಗಂಡನ ಎಡಗಾಲಿನ ಚರ್ಮ ಸುಲಿದು ಸುಲಿದು ಕಪ್ಪಾಗಿತ್ತು. ಅವನು ಸತ್ತ ಮೇಲೆ ಲಾರಿ ಅವಳ ಪಾಲಿಗೆ ಬಂತು. ಇನ್ನು ಈ ಸೀಟಿನಲ್ಲಿ ಕೂತವರು ಯಾರೂ ಬೇಯಬಾರದು ಎಂದು ಅವಳು ಗಂಡನ ಸಮಾಧಿ ಮುಟ್ಟಿ ಆಣೆ ಮಾಡಿದಳು.

ಲಾರಿಯಲ್ಲಿ, ಅದನ್ನು ಗಂಡನಿಗೆ ಮಾರಿದ ಧಣಿ ಶೋಕಿಗೆ ಹಾಕಿಸಿದ್ದ ಎಸಿ ಇತ್ತು. ಕೆಟ್ಟು ಎಷ್ಟೋ ಕಾಲವಾಗಿತ್ತು. ಅದಕ್ಕೆ ತುಂಬುವ ಗ್ಯಾಸೇ ಈಗ ಸಿಗುವುದಿಲ್ಲ ಎಂದ ಮಿಸ್ತ್ರಿ. ಹಾಗಾದರೆ ಕಂಪ್ರೆಸರ್ ಹೊಸದು ಹಾಕು, ಪೈಪು ಹೊಸದು ಎಳೆ ಎಂದು ಅವಳು ಕಿವಿಯ ಓಲೆ ಮಾರಿದಳು. ಮಿಸ್ತ್ರಿ ನೆಲಕ್ಕೆ ದಪ್ಪ ರಬ್ಬರು ಹಾಸಿದ. ಎಂಜಿನ್ ಸುತ್ತಲಿನ ಸಂದು ಮುಚ್ಚಿದ. ಗಾಳಿಗೆಂದು ಮುಂದುಗಡೆ ಇದ್ದ ಕಿಂಡಿಗೆ ತಗಡು ಬಡಿದ. ಹಳೆಯ ಗಾಜು ಅಲುಗಾಡುತ್ತದೆ, ತಂಪು ಸೋರಿಹೋಗುತ್ತದೆ ಎಂದು ಎರಡೂ ಕಿಟಕಿಗೆ ಇಳಿಯದ ಗಾಜು ಕೂರಿಸಿದ. ಮೊದಲ ದಿನ ಆ ತಂಪಿನಲ್ಲಿ ಕೂತು ಅವಳು ಅತ್ತಳು.

ಗಂಡನ ಗೆಳೆಯನೊಬ್ಬನನ್ನು ಚಾಲಕನಾಗಿ ಇಟ್ಟುಕೊಂಡಳು. ಕೊಟ್ಟ ಮಾತು ದಾಟುವವನಲ್ಲ. ಬೇರೆ ಲಾರಿಯವರು ಅವನನ್ನು ಸಾಹೇಬರು ಬಂದರು ಎಂದು ಛೇಡಿಸುತ್ತಿದ್ದರು. ಛೇಡಿಸಿದವರೇ ಅವನ ಕ್ಯಾಬಿನ್ನಿಗೆ ನುಗ್ಗಿ ಬೆವರು ಆರಿಸಿಕೊಂಡು ಹೋಗುತ್ತಿದ್ದರು.

ಆಮೇಲೆ ಡೀಸೆಲ್ ಬೆಲೆ ಏರಿತು. ಏರು ದಾರಿಯಲ್ಲಿ ಎಸಿ ಬೇಡ, ಲಾರಿ ಎಳೆಯುವುದಿಲ್ಲ ಎಂದಳು. ಅವನು ಆಗಲಿ ಎಂದ. ಖಾಲಿ ಬರುವಾಗ ಬೇಡ ಎಂದಳು. ಆಗಲಿ ಎಂದ. ಕೊನೆಗೆ, ಬಾಡಿಗೆ ಕುದುರಿಸಲು ನಾನು ಜೊತೆಗೆ ಬಂದಾಗ ಮಾತ್ರ ಹಾಕು ಎಂದಳು. ಅದಕ್ಕೂ ಆಗಲಿ ಎಂದ.

ಬೇಸಿಗೆ ಬಂತು. ಅವನು ಒಂದು ದಿನ ಅವಳ ಮನೆ ಮುಂದೆ ಲಾರಿ ನಿಲ್ಲಿಸಿ ಇಳಿದ. ಅಂಗಿ ಹಿಂಡುವಂತಿತ್ತು.

"ಎಸಿ ಬ್ಯಾಡ ಬಿಡ್ರಿ ಅಕ್ಕಾರ. ಒಂದು ಗಾಜು ಕೆಳಗ ಇಳಿಯೂ ಹಂಗ ಮಾಡಸ್ರಿ, ಸಾಕು."

ಗಾಜು ಕಿತ್ತರೆ ಎಸಿ ಇದ್ದೂ ಇಲ್ಲದಂತೆ. ಓಲೆ ಮಾರಿ ಮಾಡಿಸಿದ್ದನ್ನು ಬೇಡ ಎನ್ನುತ್ತಾನಲ್ಲ ಎಂದು ಅವಳಿಗೆ ಸಿಟ್ಟು ಬಂತು.

"ನಮ್ಮ ಮನಿಯವರು ಇದ ಸೀಟಿನ್ಯಾಗ ಜೀವ ಸವೆಸಿದ್ರು. ಒಂದಿನಾರ ಹಿಂಗ ಬಂದು ನಿಂತಿದ್ರೇನು?"

"ಅವರಿಗೆ ಕಿಡಕಿ ಇತ್ತಲ್ರಿ" ಎಂದು ಅವನು ನಕ್ಕು ಲಾರಿ ಹತ್ತಿದ.

ಹೊರೆ ತುಂಬಿಕೊಂಡು ಹೋದವನು ಬಟಾಬಯಲಿನಲ್ಲಿ ಲಾರಿಯನ್ನು ರಸ್ತೆಯ ಮಗ್ಗುಲಿಗೆ ತೆಗೆದು ನಿಲ್ಲಿಸಿದ. ಬಾಗಿಲು ತೆರೆಯುವಷ್ಟು ಶಕ್ತಿ ಉಳಿದಿರಲಿಲ್ಲ. ದಾರಿಹೋಕರು ತೆರೆದಾಗ ಒಳಗಿನ ಕಾವು ಅವರ ಮುಖಕ್ಕೆ ಹೊಡೆಯಿತು. ಅವನು ಸ್ಟೇರಿಂಗಿನ ಮೇಲೆ ಕವುಚಿಬಿದ್ದಿದ್ದ. ಜೀವ ಹೋಗಿತ್ತು. ಎಸಿಯ ಗುಂಡಿ ಕೈಗೆಟಕುವಲ್ಲೇ ಇತ್ತು. ಒತ್ತಿರಲಿಲ್ಲ.

ಅವನ ಊರು ದೂರ. ಈ ಬಿಸಿಲಿಗೆ ಹೆಣ ತಡೆಯುವುದಿಲ್ಲ, ಇಲ್ಲೇ ಮಣ್ಣು ಮಾಡಿ ಎಂದರು ಜನ. ಅಷ್ಟರಲ್ಲಿ ಅವಳು ಬಂದಳು. ಹೊರೆ ಅಲ್ಲೇ ಇಳಿಸಿದಳು. ಹೆಣವನ್ನು ಕ್ಯಾಬಿನ್ನಿನಲ್ಲಿ ಮಲಗಿಸಿ, ಓಡಿಸಲು ಬೇರೊಬ್ಬನನ್ನು ಕೂರಿಸಿ, ಗುಂಡಿಯನ್ನು ತಾನೇ ಒತ್ತಿದಳು. ಖಾಲಿ ಲಾರಿ ಎಂದು ಆರಿಸಲಿಲ್ಲ, ಏರಿನಲ್ಲೂ ಆರಿಸಲಿಲ್ಲ. ಮನೆಯವರು ಮುಟ್ಟಿದಾಗ ಅವನ ಮೈ ನೀರಿನಂತೆ ತಣ್ಣಗಿತ್ತು. ಆಣೆಯ ಋಣವನ್ನು ಅವಳು ಹಾಗೆ ತೀರಿಸಿದಳು.

ಗುರುತಾಯಿ ಕತೆ ನಿಲ್ಲಿಸಿದರು. ಎಂಥ ಕಲ್ಲೆದೆಯ ಹೆಂಗಸು ಎಂದಳು ನೀಲಾಂಬಿಕೆ.

"ಆಣೆ ಮಾಡಿದ ದಿನ ಅವಳೂ ನಿನ್ನ ಹಾಗೇ ಮಾತಾಡಿದ್ದಳು, ಮಗಳೇ" ಎಂದರು ಗುರುತಾಯಿ.