ಹದ ನೋಡುವ ಕೈ

ಅಡಿವೆಪ್ಪಜ್ಜರು ಮೊದಲ ತಂಬಿಗೆ ನೀರು ಸುರಿದುಕೊಂಡವರೇ ಬಚ್ಚಲಿನೊಳಗಿಂದ ಚೀರಿದರು.

"ಅಯ್ಯಯ್ಯಪ್ಪೋ! ಕುದಿಯೋ ನೀರು ಇಟ್ಟೀಯಲ್ಲೋ ಮಂಗ್ಯಾ!"

ಹೊರಗೆ ಗಾಲಿಕುರ್ಚಿಯಲ್ಲಿದ್ದ ಕಲ್ಮೇಶ ಗಾಬರಿಯಿಂದ ಬಚ್ಚಲಿನ ಬಾಗಿಲತ್ತ ತಿರುಗಿದ. ಅಜ್ಜರು ಸ್ವಾಮಿಗಳಾಗಿದ್ದ ಹೊಳೆದಂಡೆಯ ಆ ಮಠದಲ್ಲಿ ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಕೈ ಅದ್ದಿ, "ಹದಾ ಆಗೈತ್ರಿ ಅಜ್ಜಾರ" ಅನ್ನುವುದು ಅವನ ಸೇವೆ. ಅವನು ಹಾಗೆಂದ ಮೇಲೆ ಅಜ್ಜರು ಮತ್ತೆ ಮುಟ್ಟಿ ನೋಡುವ ಪದ್ಧತಿಯೇ ಇಲ್ಲ. ಹತ್ತು ವರ್ಷ ಹೀಗೇ ನಡೆದಿತ್ತು.

ಅಜ್ಜರು ಒದ್ದೆ ಪಂಚೆಯಲ್ಲೇ ಹೊರಬಂದರು. ಹೆಗಲು ಕೆಂಪಗಾಗಿತ್ತು.

"ಕೈ ಇಟ್ಟು ನೋಡಿದ್ಯಾ?"

"ನೋಡಿದ್ದೆರಿ."

"ಎಲ್ಲಿ, ತೋರಸು."

ಬೆರಳ ತುಂಬ ಕೆಂಪು. ಎರಡು ಬೊಬ್ಬೆ. ಅದರಲ್ಲೊಂದು ಇವತ್ತಿನದಲ್ಲ.

"ಉರಿಯಂಗಿಲ್ಲೇನು?"

"ಇಲ್ರಿ. ಮುಟ್ಟಿದ್ದು ತಿಳಿತೈತಿ. ಬಿಸಿ ಯಾವುದು, ತಣ್ಣಂದು ಯಾವುದು ತಿಳಿಯಂಗಿಲ್ಲ."

"ಎಷ್ಟ ದಿವಸಾತು?"

"ಆರ ತಿಂಗಳ್ರಿ. ಉಗಿ ನೋಡಿ ಅಂದಾಜಲೆ ಹೇಳತಿದ್ದೆ. ಇವತ್ತ ಗಾಳಿಗೆ ಉಗಿ ಕಾಣಲಿಲ್ರಿ."

ಅಜ್ಜರು ಹಣೆ ಚಚ್ಚಿಕೊಂಡರು.

ಕಲ್ಮೇಶ ಹನ್ನೊಂದು ವರ್ಷದ ಹಿಂದೆ ಹುಣಸೆ ಮರದಿಂದ ಬಿದ್ದವನು. ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ಹೋದವು. ಒಂದು ವರ್ಷ ಅತ್ತ, ಕಂಡ ಕಂಡ ದೇವರನ್ನೆಲ್ಲ ಬೈದ, ಆಮೇಲೆ ಒಪ್ಪಿಕೊಂಡ. ಮಠಕ್ಕೆ ಬಂದವರು ಅವನನ್ನು ತೋರಿಸಿ "ಸಹನಾ ಅಂದ್ರ ಇದಪಾ" ಅನ್ನುತ್ತಿದ್ದರು. ಸುಳ್ಳು ಯಾಕೆ ಹೇಳಬೇಕು, ಆ ಮಾತು ಅವನಿಗೆ ಹಿತವಾಗಿಯೇ ಇತ್ತು.

"ದವಾಖಾನಿಯಿಂದ ಬಿಡುವಾಗ ಡಾಕ್ಟರ್ ಏನೂ ಹೇಳಿರಲಿಲ್ಲೇನು?"

"ಹೇಳಿದ್ರು. ಎಷ್ಟೋ ವರ್ಷ ಆದಮ್ಯಾಲೂ ಹಳೇ ಪೆಟ್ಟಿನ ಜಾಗಾದಾಗ ನೀರು ತುಂಬಿ ನರಾ ಒತ್ತಬಹುದು, ಕೈಯಾಗ ಏನರ ಹೊಸದು ಕಂಡ್ರ ತಡಾ ಮಾಡಬ್ಯಾಡ್ರಿ ಅಂದಿದ್ರು. ಲಗೂನ ಬಂದ್ರ ಅಲ್ಲಿಗೇ ತಡಿಯಾಕ ಬರಬಹುದಂತ."

"ಮತ್ತ? ಯಾಕ ಹೋಗಲಿಲ್ಲ?"

ಕಲ್ಮೇಶನಿಗೆ ತಡೆಯಲಾಗಲಿಲ್ಲ.

"ಬ್ಯಾಸರಾಗೇತ್ರಿ ಅಜ್ಜಾರ! ಕಾಲು ಹೋದೂ, ಸುಮ್ನಾದೆ. ಈಗ ಕೈಗೆ ಬಂತು. ಎಷ್ಟ ಸಲಾ ಒಪ್ಕೋಬೇಕ್ರಿ ನಾ? ಒಮ್ಮೆ ಒಪ್ಕೊಂಡವಂಗ ಮತ್ತ ಬರಂಗಿಲ್ಲ ಅಂತ ತಿಳಿದಿದ್ದೆ."

"ಹಂಗಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ."

"ಈ ಕೈನೂ ಹೋದ್ರ ಕುರ್ಚಿ ಯಾರು ಹೊಳ್ಳಸ್ತಾರ? ತುತ್ತು ಯಾರು ಎತ್ತತಾರ?"

ಕಲ್ಮೇಶ ಬೊಬ್ಬೆಯೆದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡ. ಆರು ತಿಂಗಳಿಂದ ಅವನಿಗೂ ಅದೇ ಭಯವಿತ್ತು.

"ಸಹನಾ ಕಲಿಸಿದವರು ನೀವ ಅಲ್ಲೇನ್ರಿ?" ಅಂದ ಕೊನೆಗೆ, ಮುಖ ಊದಿಸಿಕೊಂಡು.

"ಸಹನಾ ಕಲಿಸೀನಿ. ಬಾಯಿ ಹೊಲ್ಕೊಂಡು ಕುಂದ್ರು ಅಂತ ಯಾವಾಗ ಹೇಳೀನಿ?"

ಅಜ್ಜರು ತಲೆ ಕೂಡ ಒರೆಸಿಕೊಳ್ಳಲಿಲ್ಲ. ಅಡುಗೆಮನೆಯತ್ತ ತಿರುಗಿ, ಜೀಪು ಹೊರಡಿಸಿರಿ ಎಂದು ಕೂಗಿದರು.

"ನಾಳೆ ಹೋಗೂಣ್ರಿ ಅಜ್ಜಾರ. ಇವತ್ತ ಹುಣ್ಣಿವಿ, ಮಂದಿ ಬರ್ತಾರ. ನಿಮ್ಮ ಹೆಗಲ ಬ್ಯಾರೆ ಸುಟ್ಟೈತಿ."

"ನನ್ನ ಹೆಗಲಿಗೆ ಉರಿ ತಿಳಿತೈತಿ. ಅದರ ಚಿಂತಿ ನಿನಗ ಬ್ಯಾಡ."

ಅಜ್ಜರು ತಾವೇ ಕುರ್ಚಿಯ ಹಿಂದೆ ಬಂದು ನೂಕತೊಡಗಿದರು. ಕಲ್ಲಂಗಳದಲ್ಲಿ ಗಾಲಿ ಎಗರಿದಾಗಲೆಲ್ಲ ಒಂದೊಂದು ಬೈಗುಳ ಉದುರುತ್ತಿತ್ತು. ಜೀಪಿನ ಹತ್ತಿರ ಬಂದಾಗ ಕಲ್ಮೇಶ ಕತ್ತು ಹೊರಳಿಸಿ ನೋಡಿದ. ಅವನ ಕಣ್ಣುಗಳು ತುಂಬಿದ್ದವು.

"ಹಂಗಾರ ಒಪ್ಕೊಳ್ಳೂದ ತಪ್ಪೇನ್ರಿ?"

"ಹೋದದ್ದನ್ನ ಒಪ್ಕೋಬೇಕೋ ತಮ್ಮಾ. ಇದು ಇನ್ನೂ ಹೊಂಟೈತಿ, ನೀ ಅದಕ್ಕ ಬಾಗ್ಲಾ ತಗದು ಕುಂತೀಯಲ್ಲೋ!"