ಮುದಿ ಮುಸುವನ ಮೆಚ್ಚುಗೆ

ಕಾಡಿನ ಬಾಸ್ಕೆಟ್‌ಬಾಲ್ ಸೆಮಿಫೈನಲ್‌ನಲ್ಲಿ ಕರಿಮೂತಿಯ, ಉದ್ದ ಬಾಲದ ಎಳೆಯ ಮುಸುವನೊಬ್ಬ ತಾನೊಬ್ಬನೇ ನಲವತ್ತು ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದ. ಪಂದ್ಯ ಮುಗಿದದ್ದೇ ತಡ, ಅಂಗಳದಲ್ಲೇ ಚರ್ಚೆ ಶುರುವಾಯಿತು.

"ಇವನಂಥ ಆಟಗಾರ ಹಿಂದೆ ಹುಟ್ಟಿಲ್ಲ," ಎಂದಿತು ಕಾಗೆ.

"ಒಂದೇ ಪಂದ್ಯಕ್ಕೆ ಇಷ್ಟು ಹೊಗಳಿಕೆಯೇ? ಹಿರಿಯರನ್ನು ಕೇಳೋಣ," ಎನ್ನುತ್ತಾ ನರಿ ಹಳೆಯ ಚಾಂಪಿಯನ್ ಆದ ಮುದಿ ಮುಸುವನತ್ತ ತಿರುಗಿತು.

ಎಳೆಯವನೂ ಆಸೆಯಿಂದ ಅವನನ್ನೇ ನೋಡಿದ. ಈ ಹುಡುಗ ತನ್ನನ್ನು ಮೀರಿಸಿದ್ದಾನೆಂದು ಮುದಿಯನಿಗೆ ಮೊದಲ ನೆಗೆತದಲ್ಲೇ ಗೊತ್ತಾಗಿತ್ತು. ದಣಿದ ಹುಡುಗನ ಕಾಲುಗಳು ನಡುಗುತ್ತಿರುವುದೂ ಕಾಣುತ್ತಿತ್ತು. ಆದರೆ ಹೊಟ್ಟೆಕಿಚ್ಚು ನಾಲಿಗೆಯನ್ನು ಕಟ್ಟಿಹಾಕಿತು.

"ನನ್ನ ಕಾಲದಲ್ಲಿ ಬುಟ್ಟಿ ಇನ್ನೂ ಎತ್ತರದಲ್ಲಿತ್ತು," ಎಂದಷ್ಟೇ ಹೇಳಿದ.

"ಹಾಗಾದರೆ ಎತ್ತರಕ್ಕೇ ಕಟ್ಟಿ," ಎಂದ ಎಳೆಯವ.

ಬುಟ್ಟಿಯನ್ನು ಮೇಲಿನ ಕೊಂಬೆಗೆ ಕಟ್ಟಿದರು. ಅವನು ನೆಗೆದು ಚೆಂಡನ್ನು ಹಾಕಿಯೇಬಿಟ್ಟ. ಕೆಳಗೆ ಬೀಳುವಾಗ ಮಂಡಿ ಲಟಕ್ಕೆಂದು ಮುರಿಯಿತು.

ಈ ಎಸೆತ ಲೆಕ್ಕಕ್ಕುಂಟೋ ಇಲ್ಲವೋ ಎಂದು ಕಾಗೆ, ನರಿ ಜಗಳಕ್ಕೆ ನಿಂತವು. ಮುದಿಯ ಓಡಿಬಂದು ಹುಡುಗನ ತಲೆಯನ್ನು ಮಡಿಲಿಗೆ ಎಳೆದುಕೊಂಡ.

"ನೀನು ನನಗಿಂತ ದೊಡ್ಡವನಪ್ಪಾ," ಎಂದ.

"ನನಗೆ ಅಷ್ಟೇ ಸಾಕಿತ್ತು, ತಾತ. ಆಗಲೇ ಹೇಳಬಾರದಿತ್ತೇ?" ಎಂದು ಎಳೆಯವ ಮುಖ ತಿರುಗಿಸಿದ.

ಆಮೇಲೆ ಅವನು ಮತ್ತೆಂದೂ ನೆಗೆಯಲಿಲ್ಲ.