ಆರದ ಎರಡು ಹಳದಿ ದೀಪ

ಕೊಳ್ಳೇಗಾಲದಲ್ಲಿ ನಾಗಮಲ್ಲು ಅಂತ ಒಬ್ಬ ಮೆಕ್ಯಾನಿಕ್ ಇದ್ದ. ಒಳ್ಳೆ ಕೆಲಸಗಾರ. ಎಂಜಿನ್ ಸದ್ದು ಕೇಳಿದ್ರೆ ಸಾಕು, ಎಲ್ಲಿ ಏನು ಸಡಿಲ ಆಗಿದೆ ಅಂತ ಹೇಳೋನು. ಆದ್ರೆ ಅವನದು ಒಂದು ಗುಣ ಇತ್ತು ನೋಡಿ. 'ಗೊತ್ತಿಲ್ಲ' ಅನ್ನೋ ಮಾತು ಅವನ ಬಾಯಲ್ಲಿ ಯಾವತ್ತೂ ಬಂದಿರ್ಲಿಲ್ಲ. ಗಾಡಿ ಇನ್ನೂ ರಸ್ತೇಲಿರೋದು, ಗ್ಯಾರೇಜ್ ಒಳಗೆ ತಿರುಗೇ ಇರೋದಿಲ್ಲ, ಅಷ್ಟರಲ್ಲಿ ಇವನು "ಕ್ಲಚ್ ಪ್ಲೇಟು" ಅಂದ್ಬಿಟ್ಟಿರೋನು. ಹೆಚ್ಚು ಸಲ ಅದು ಸರಿನೂ ಆಗೋದು. ಸರಿಯಾಗ್ದೇ ಇದ್ದ ಸಲದ ಮಾತು ಯಾರೂ ಎತ್ತುತ್ತಿರ್ಲಿಲ್ಲ, ಅವನಂತೂ ಮೊದಲೇ ಎತ್ತುತ್ತಿರ್ಲಿಲ್ಲ.

ಒಂದಿನ ಬೆಳಿಗ್ಗೆ ನೂಲಿನ ಅಂಗಡಿ ಮಂಗಳಮ್ಮಣ್ಣಿ ತಮ್ಮ ಕಾರು ತಗೊಂಡು ಬಂದ್ರು. ಹಳೇ ಕಾರು, ಆದ್ರೆ ದೊಡ್ಡ ಕಾರು, ಆ ಕಾಲಕ್ಕೇ ಎಲ್ಲಾ ಇದ್ದ ಕಾರು. ಎಬಿಎಸ್ ಇತ್ತು, ಟ್ರ್ಯಾಕ್ಷನ್ ಕಂಟ್ರೋಲ್ ಇತ್ತು. ಎಬಿಎಸ್ ಅಂದ್ರೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಗಕ್ಕಂತ ನಿಂತು ಗಾಡಿ ಜಾರ್ಕೊಂಡು ಹೋಗ್ಬಿಡುತ್ತಲ್ಲ, ಹಂಗಾಗ್ದೇ ಇರ್ಲಿ ಅಂತ ಬ್ರೇಕನ್ನ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತೆ, ಅದು. ಟ್ರ್ಯಾಕ್ಷನ್ ಅಂದ್ರೆ, ಕೆಸರಲ್ಲಿ ಚಕ್ರ ಸುಮ್ನೆ ಗಿರ್ ಅಂತ ತಿರುಗ್ದಂಗೆ ನೋಡ್ಕೊಳ್ಳೋದು. ಎರಡಕ್ಕೂ ಮೀಟರ್ ಹತ್ರ ಒಂದೊಂದು ಹಳದಿ ದೀಪ. ಏನಾದ್ರೂ ಕೆಟ್ರೆ ಮಾತ್ರ ಉರೀಬೇಕು. ಅವತ್ತು ಎರಡೂ ಉರೀತಿದ್ವು.

"ನಾಗಮಲ್ಲು, ಇವು ಆರ್ತಾನೇ ಇಲ್ಲ ಕಣಪ್ಪ. ನಾಳೆ ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಇಂದುನ ಕರ್ಕೊಂಡು ಬರ್ಬೇಕು. ಇಳಿಯೋವಾಗ ಈ ಕಾರ್ನ ನಂಬಬೋದಾ? ಅಷ್ಟು ಹೇಳು ಸಾಕು."

ಇಂದುಮತಿ ಅವ್ರ ಒಬ್ಬಳೇ ಮಗಳು. ಗಂಡನ ಮನೆ ಮಾದಪ್ಪನ ಬೆಟ್ಟದ ಮೇಲೆ. ತುಂಬಿದ ಬಸುರಿ, ಸೀಮಂತ ಮುಗಿದಿತ್ತು, ತವರಿಗೆ ಕರ್ಕೊಂಡು ಬರೋಕೆ ನಾಳೇನೇ ಒಳ್ಳೆ ಗಳಿಗೆ. ಆ ಬೆಟ್ಟದ ರಸ್ತೆ ನೋಡಿದ್ದೀರಾ? ಒಂದು ತಿರುವು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಕಾಶ. ಅದ್ರ ಮೇಲೆ ವಾರ ಪೂರ್ತಿ ಮಳೆ.

ನಾಗಮಲ್ಲು ಬಾನೆಟ್ ಕೂಡ ಎತ್ತಲಿಲ್ಲ. "ಸೆನ್ಸರ್ ಅಕ್ಕಾರೆ. ಅಷ್ಟೇ. ಕೂತ್ಕೊಳ್ಳಿ, ಟೀ ಕುಡಿಯೋದ್ರೊಳಗೆ ಆಗುತ್ತೆ."

ಒಂದೊಂದು ಚಕ್ರದ ಒಳಗೂ ಹಲ್ಲಿನ ಒಂದು ಬಳೆ ಇರುತ್ತೆ, ಪಕ್ಕದಲ್ಲಿ ಬೆರಳಷ್ಟು ದಪ್ಪದ ಒಂದು ಸೆನ್ಸರ್ ಇರುತ್ತೆ. ಚಕ್ರ ತಿರುಗಿದಂಗೆ ಆ ಹಲ್ಲುಗಳು ಅದ್ರ ಮುಂದೆ ಹಾದು ಹೋಗ್ತಾವೆ, ಅದು ಲೆಕ್ಕ ಇಟ್ಕೊಂಡು, ಈ ಚಕ್ರ ಇಷ್ಟು ಜೋರಲ್ಲಿ ಓಡ್ತಿದೆ ಅಂತ ಬಾನೆಟ್ ಕೆಳಗಿರೋ, ಎಬಿಎಸ್ ನಡೆಸೋ ಡಬ್ಬಕ್ಕೆ ಹೇಳುತ್ತೆ. ನಾಗಮಲ್ಲು ಮುಂದಿನ ಎಡಗಡೆ ಚಕ್ರ ಬಿಚ್ಚಿ ಸೆನ್ಸರ್ ಎಳೆದ. ತುದಿಗೆ ಕರೀ ಕಬ್ಬಿಣದ ಪುಡಿ ಮೆತ್ಕೊಂಡಿತ್ತು. ಎತ್ತಿ ತೋರಿಸ್ದ. "ನೋಡಿ, ನಾನ್ ಹೇಳ್ಲಿಲ್ವಾ?" ಒರೆಸಿದ, ಹಾಕಿದ, ಬ್ಯಾಟ್ರಿ ವೈರ್ ಒಂದ್ ಗಳಿಗೆ ತೆಗೆದು ಮತ್ತೆ ಕೊಟ್ಟ, ಕೀ ತಿರುಗಿಸ್ದ. ದೀಪ ಎರಡೂ ಹತ್ಕೊಂಡ್ವು, ಆಮೇಲೆ ಆರೋದ್ವು. ಪಕ್ಕದ ಎಲೆಕ್ಟ್ರಿಕಲ್ ಅಂಗಡಿ ಚಿಕ್ಕರಾಚ, ಇವನ ಜೊತೆಗಾರ, ಅಲ್ಲಿಂದ್ಲೇ ಚಪ್ಪಾಳೆ ತಟ್ಟಿದ.

ನಾಗಮಲ್ಲು ಒಂದು ರೌಂಡ್ ಹೊರಟ. ಪೆಟ್ರೋಲ್ ಬಂಕ್ ದಾಟಿಲ್ಲ, ಎರಡೂ ದೀಪ ಮತ್ತೆ ಹಾಜರ್.

"ಫ್ಯೂಸು" ಅಂದ. ಬದಲಾಯಿಸ್ದ. ಬಂಕ್ ಹತ್ರ ದೀಪ ಬಂತು. "ಬ್ರೇಕ್ ಆಯಿಲ್ ಕಮ್ಮಿ" ಅಂದ. ತುಂಬಿದ. ಬಂಕ್ ಹತ್ರ ದೀಪ ಬಂತು. ಬಂಕಿನ ಹುಡುಗಿ ಇವನಿಗೆ ಕೈ ಬೀಸೋಕೆ ಶುರು ಮಾಡಿದ್ಲು.

ಮಧ್ಯಾಹ್ನಕ್ಕೆ ಅವನ ಬೆನ್ನು ಒದ್ದೆ. ಕರೆಂಟ್ ಅಳೆಯೋ ಮೀಟರ್ ಇಟ್ಕೊಂಡು ನಾಲ್ಕೂ ಚಕ್ರ ಒಂದೊಂದಾಗಿ ಜಾಕಿ ಮೇಲೆ ಎತ್ತಿ, ಕೈಯಲ್ಲಿ ತಿರುಗಿಸಿ, ಸೆನ್ಸರ್ ಅಳತೆ ಮಾಡ್ದ. ಕೇಳಿ ಇದನ್ನ, ಚಕ್ರ ಸುಮ್ನೆ ಕೈಯಲ್ಲಿ ತಿರುಗಿಸಿದ್ರೆ ಸಾಕು, ಆ ಸೆನ್ಸರ್ ಒಳಗೆ ಒಂಚೂರು ಕರೆಂಟ್ ಹುಟ್ಟುತ್ತೆ. ಬ್ಯಾಟ್ರಿ ಇಲ್ಲ, ಏನಿಲ್ಲ, ಬರೀ ಹಲ್ಲು ಹಾದು ಹೋಗಿದ್ದಕ್ಕೆ. ಇಷ್ಟು ವರ್ಷ ಎಷ್ಟೋ ಸೆನ್ಸರ್ ಬಿಚ್ಚಿ ಬಿಸಾಕಿದ್ದ, ಯಾವತ್ತೂ ಹಿಂಗೆ ಕೂತು ನೋಡಿರ್ಲಿಲ್ಲ. ಮೀಟರಿನ ಮುಳ್ಳು ಅಲುಗಾಡೋದನ್ನ ನೋಡ್ತಾ ನೋಡ್ತಾ ಚಕ್ರ ಇನ್ನೊಂದು ಸಲ ಸುಮ್ಸುಮ್ನೆ ತಿರುಗಿಸ್ದ.

ಕಷ್ಟ ಏನಂದ್ರೆ, ನಾಲ್ಕೂ ಸರಿಯಾಗಿದ್ವು. ಒಂದ್ರಲ್ಲೂ ತಪ್ಪಿಲ್ಲ. ಅವನ ಹತ್ರ ಇನ್ನು ಹೇಳೋಕೆ ಏನೂ ಉಳಿದಿರ್ಲಿಲ್ಲ.

ಚಿಕ್ಕರಾಚ ಬಂದು ಕುಕ್ಕರಗಾಲಲ್ಲಿ ಕೂತ. "ಲೋ, ಬಲ್ಬ್ ಕಿತ್ತ್ ಬುಡ್ಲಾ."

"ಏನು?"

"ಸ್ಪೀಡ್ ಮೀಟರ್ ಹಿಂದ್ಗಡೆ ಎರಡು ಬಲ್ಬ್. ತಿರುಗಿಸಿದ್ರೆ ಬತ್ತವೆ. ಹಳೇ ಗಾಡಿ ಮಾರೋರು ಎಷ್ಟ್ ಜನ ಇದ್ನೇ ಮಾಡ್ಸ್ಕೊಂಡ್ ಹೋಗಿಲ್ಲ ನನ್ತಾವ? ಬ್ರೇಕ್ ಹಿಡಿಯುತ್ತೆ ತಾನೆ?"

"ಹಿಡಿಯುತ್ತೆ. ಮಾಮೂಲಿ ಬ್ರೇಕಿಗೇನೂ ಆಗಿಲ್ಲ."

"ಮತ್ತಿನ್ನೇನ್ಲಾ. ದೀಪ ಕಂಡ್ರೆ ಆಯಮ್ಮಂಗೆ ಭಯ, ಕಾಣ್ದಿದ್ರೆ ಧೈರ್ಯ. ಬಸುರಿ ಹೆಂಗ್ಸನ್ನ ಕರ್ಕೊಂಡ್ ಬರೋರಿಗೆ ಧೈರ್ಯ ತುಂಬೋದು ಪುಣ್ಯದ ಕೆಲಸ."

ನಾಗಮಲ್ಲುಗೆ ಅದು ಚೆನ್ನಾಗೇ ಕೇಳಿಸ್ತು. ಮಂಗಳಮ್ಮಣ್ಣಿ ಆಚೆ ಬೆಂಚಿನ ಮೇಲೆ ಕೂತಿದ್ರು, ಬೆಳಿಗ್ಗೆಯಿಂದ ಒಂದು ಮಾತೂ ಬೈದಿರ್ಲಿಲ್ಲ, ಇವನ ಮುಖಾನೇ ನೋಡ್ತಿದ್ರು. ಆ ಮುಖದ ಮುಂದೆ ಹೋಗಿ ತಿಳೀಲಿಲ್ಲ ಅನ್ನೋದಕ್ಕಿಂತ ಬಲ್ಬ್ ತೆಗೆಯೋದು ಎಷ್ಟೋ ಸುಲಭ. ಮೀಟರ್ ಬೋರ್ಡಿನ ಸ್ಕ್ರೂ ಬಿಚ್ಚಿ ಸಡಿಲ ಮಾಡ್ದ. ಯಾವ ಬಲ್ಬ್ ಯಾವುದು ಅಂತ ಖಾತ್ರಿ ಆಗ್ಲಿ ಅಂತ ಇನ್ನೊಂದು ರೌಂಡ್ ಹೊರಟ, ಈ ಸಲ ನಿಧಾನಕ್ಕೆ, ಆ ದೀಪಗಳನ್ನೇ ಗಮನಿಸ್ತಾ.

ಅಲ್ಲಿ ನೋಡಿ ಅವನಿಗೆ ಅದು ಕಂಡಿದ್ದು.

ಕೀ ಕೊಟ್ಟ ತಕ್ಷಣ ದೀಪ ಎರಡೂ ಹತ್ಕೊಂಡು ಆರ್ತಾವಲ್ಲ, ಆಗ ಆ ಡಬ್ಬ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ತಿರುತ್ತೆ. ನಾನು ಸರಿ ಇದ್ದೀನಾ, ನನ್ನ ವೈರ್‌ಗಳು ಸರಿ ಇದ್ದಾವಾ ಅಂತ. ಸರಿ ಅಂತಾದ್ಮೇಲೆ ಗಾಡಿ ಹೊರಡುತ್ತೆ. ಆಮೇಲೆ ಅದು ನಾಲ್ಕೂ ಚಕ್ರದ ಮಾತು ಕೇಳೋಕೆ ಶುರು ಮಾಡುತ್ತೆ. ಕೇಳುತ್ತೆ, ಹೋಲಿಸುತ್ತೆ, ಕೇಳುತ್ತೆ, ಹೋಲಿಸುತ್ತೆ. ಬಂಕ್ ಹತ್ರ ಬರೋಷ್ಟರಲ್ಲಿ ಅದಕ್ಕೆ ಎಲ್ಲೋ ಅನುಮಾನ. ಯಾವುದೋ ಒಂದು ಮಾತು ಹೊಂದ್ತಾ ಇಲ್ಲ. ಆಗ ಏನ್ಮಾಡುತ್ತೆ ಗೊತ್ತಾ? ಕೈ ಕಟ್ಕೊಂಡು ಹಿಂದೆ ಸರಿಯುತ್ತೆ. ದೀಪ ಹಚ್ಚಿ ಹೇಳುತ್ತೆ: ನಂಗೆ ಗೊತ್ತಾಗ್ತಿಲ್ಲ, ನನ್ನ ನಂಬ್ಕೋಬೇಡಿ, ಬ್ರೇಕ್ ನೀವೇ ನೋಡ್ಕೊಳ್ಳಿ.

ಗಾಡಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡ್ದ. ಮತ್ತೆ ಮೊದಲಿಂದ ಪರೀಕ್ಷೆ, ಮತ್ತೆ ನಾಲ್ಕೂ ಚಕ್ರಕ್ಕೆ ಹೊಸ ಅವಕಾಶ, ಮತ್ತೆ ಅದೇ ಮಾತು. ಬೇಸರ ಇಲ್ಲ, ನಾಚಿಕೆ ಇಲ್ಲ.

ನಾಗಮಲ್ಲು ಗಾಡಿ ಪಕ್ಕಕ್ಕೆ ಹಾಕಿ ಯೋಚಿಸ್ದ. ಅದು ಊಹೆ ಮಾಡ್ಬೋದಿತ್ತಲ್ಲ. ಮೂರು ಸರಿ ಇದೆ, ನಾಲ್ಕನೇದೂ ಹಿಂಗೇ ಇರುತ್ತೆ ಬಿಡು ಅಂತ ನಡೆಸ್ಬೋದಿತ್ತು. ಆದ್ರೆ ಊಹೆ ತಪ್ಪಾದ್ರೆ? ಬೆಟ್ಟದ ತಿರುವಲ್ಲಿ, ಹಿಡೀಬೇಕಾದ ಕಡೆ ಬ್ರೇಕ್ ಬಿಟ್ರೆ? ಅದಕ್ಕೇ ಅದು ಊಹೆ ಮಾಡೋದಿಲ್ಲ. ತಗಡಿನ ಒಂದು ಡಬ್ಬ, ಅಂಗೈ ಎರಡರಷ್ಟು ಅಗಲ, ಮಾನ ಹೋಗುತ್ತೆ ಅಂತ ಒಂದು ಸಲಾನೂ ಸುಳ್ಳು ಹೇಳಿಲ್ಲ. ತಾನು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದ. ಈಗ ಅದ್ರ ಬಾಯಿ ಮುಚ್ಚೋಕೆ ಹೊರಟಿದ್ದ.

ವಾಪಸ್ ಬಂದು, ಬೋರ್ಡಿನ ಸ್ಕ್ರೂ ಬಿಗಿ ಮಾಡಿ, ನೆಟ್ಟಗೆ ಬೆಂಚಿನ ಹತ್ರ ಹೋದ.

"ಅಕ್ಕಾರೆ, ನಂಗೆ ಗೊತ್ತಿಲ್ಲ."

ಚಿಕ್ಕರಾಚ ಎದ್ದು ಬಂದು ಅವನ ಹಣೆ ಮುಟ್ಟಿ ನೋಡ್ದ, ಜ್ವರ ಏನಾದ್ರೂ ಬಂತಾ ಅಂತ.

"ಗೊತ್ತಿಲ್ಲ ಅಂದ್ರೆ?" ಅಂದ್ರು ಮಂಗಳಮ್ಮಣ್ಣಿ.

"ಬ್ರೇಕ್ ಹಿಡಿಯುತ್ತೆ. ಆದ್ರೆ ಜಾರೋ ಜಾಗದಲ್ಲಿ ಕಾಪಾಡೋದಿದೆಯಲ್ಲ, ಅದು ಕೆಲಸ ಮಾಡ್ತಿಲ್ಲ. ಯಾಕೆ ಅಂತ ನಂಗೆ ತಿಳೀತಿಲ್ಲ. ಬೆಳಿಗ್ಗೆ ಸೆನ್ಸರ್ ಅಂದೆ, ಅದು ಬಾಯಿಗೆ ಬಂದಿದ್ದು ಹೇಳಿದ್ದು. ಇದು ಸರಿ ಹೋಗ್ದೇ ಇದ್ರೆ ಇಂದುನ ಇದ್ರಲ್ಲಿ ಇಳಿಸ್ಬೇಡಿ. ಬೇರೆ ಗಾಡಿ ನಾನೇ ಗೊತ್ತು ಮಾಡಿ ಕೊಡ್ತೀನಿ."

ನಾಗಮಲ್ಲುಗೆ ಬೇರೆ ಏನೂ ತೋಚದೆ, ಜೀವಮಾನದಲ್ಲಿ ಗಿರಾಕಿಗೆ ಕೇಳೇ ಇರದ ಒಂದು ಪ್ರಶ್ನೆ ಕೇಳ್ದ. "ಇದು ಯಾವಾಗಿಂದ ಉರೀತಿದೆ ಅಕ್ಕಾರೆ?"

"ಈಗ ಕೇಳ್ತೀಯಲ್ಲಪ್ಪ. ಬುಧವಾರದಿಂದ."

"ಬುಧವಾರ ಏನಾಯ್ತು?"

"ಕೆಟ್ಟದ್ದೇನೂ ಆಗ್ಲಿಲ್ಲ. ಒಳ್ಳೇದೇ ಆಯ್ತು. ನನ್ ತಮ್ಮ ಶಾಂತರಾಜು ಹೊಸ ಟೈರ್ ಹಾಕ್ಕೊಟ್ಟ."

ಅಕ್ಕನ ಮಗಳು ತವರಿಗೆ ಬರ್ತಾಳೆ ಅಂದ್ರೆ ಸೋದರಮಾವ ಬರಿಗೈಯಲ್ಲಿ ಇರೋಕಾಗುತ್ತಾ? ಸೀರೆ ಅಂಗಡಿಯವನು ಸೀರೆ ಕೊಡ್ತಾನೆ, ಬಳೆಯವನು ಬಳೆ ತೊಡಿಸ್ತಾನೆ. ಶಾಂತರಾಜುದು ಟೈರ್ ಅಂಗಡಿ. ಹಿಂದಿನ ಒಂದು ಚಕ್ರ ಸವೆದಿದ್ದು ನೋಡಿ, ನಮ್ಮ ಹುಡುಗಿ ಹಳೇ ಟೈರ್ ಮೇಲೆ ಬರ್ಬಾರ್ದು ಅಂತ ಹೊಸದು ಹಾಕಿ, ಅರಿಶಿನ ಕುಂಕುಮ ಇಟ್ಟು ಕಳಿಸಿದ್ದ. ಅದೇ ಅಳತೆದು ಅಂಗಡೀಲಿ ಇರ್ಲಿಲ್ಲ. ಒಂಚೂರು ಚಿಕ್ಕದು ಇತ್ತು, ರಿಮ್ಮಿಗೆ ಕೂತ್ಕೊಳ್ತು, ಹೊಂದುತ್ತೆ ಬಿಡಕ್ಕ ಅಂದಿದ್ದ.

"ಹೊಸದು, ಅದೂ ಉಡುಗೊರೆ. ಅದ್ರಲ್ಲೇನು ತಪ್ಪಿರುತ್ತೆ ಅಂತ ನಾನ್ ಹೇಳ್ಲಿಲ್ಲ" ಅಂದ್ರು ಮಂಗಳಮ್ಮಣ್ಣಿ. "ನೀನೂ ಕೇಳ್ಲಿಲ್ಲ."

ನಾಗಮಲ್ಲು ಒಂದು ದಾರ ತಗೊಂಡು ಓಡ್ದ. ಉಳಿದಿದ್ದ ಒಂದು ಹಳೇ ಟೈರಿಗೆ ಸುತ್ತ ಹಿಡಿದು ಗಂಟು ಹಾಕ್ದ. ಅದೇ ದಾರ ಹೊಸ ಟೈರಿಗೆ ಸುತ್ತಿದ. ನಾಲ್ಕು ಬೆರಳು ದಾರ ಮಿಕ್ಕಿತು. ಮಧ್ಯಾಹ್ನ ಅದೇ ಚಕ್ರದ ಮುಂದೆ ಕೂತು ಅದನ್ನ ತಿರುಗಿಸಿದ್ದ, ಕಣ್ಣೆಲ್ಲ ಒಳಗಿನ ಸೆನ್ಸರ್ ಮೇಲೇ. ಟೈರ್ ನೋಡಿ, ಪರವಾಗಿಲ್ಲ ಹೊಸದಿದೆ ಅಂತ ಮನಸಲ್ಲೇ ಮೆಚ್ಕೊಂಡಿದ್ದ ಬೇರೆ.

ಚಿಕ್ಕ ಚಕ್ರ ಅಲ್ವಾ, ಉಳಿದ ಮೂರರ ಜೊತೆ ಹೆಜ್ಜೆ ಹಾಕ್ಬೇಕಂದ್ರೆ ಅದು ಹೆಚ್ಚು ಸುತ್ತು ಓಡ್ಬೇಕು. ದೊಡ್ಡೋರ ಕೈ ಹಿಡಿದ ಮಗು ಓಡೋಡಿ ಬರುತ್ತಲ್ಲ, ಹಂಗೆ. ಡಬ್ಬಕ್ಕೆ ಕಂಡಿದ್ದು ಅದೇ. ಒಂದೇ ಕಾರು, ಒಂದೇ ರಸ್ತೆ, ಇದೊಂದು ಚಕ್ರ ಮಾತ್ರ ಯಾಕೆ ಮುಂದ್ ಮುಂದೆ ಓಡ್ತಿದೆ, ಜಾರ್ತಿದೆಯಾ, ಇಲ್ವಾ? ತಿಳೀಲಿಲ್ಲ. ದೀಪ ಹಚ್ತು. ಬರೀ ನಾಲ್ಕು ಬೆರಳಿನ ವ್ಯತ್ಯಾಸ. ಮನುಷ್ಯರು ಯಾರೂ ಲೆಕ್ಕಕ್ಕೆ ಇಟ್ಕೊಳ್ಳದೇ ಇದ್ದಿದ್ದನ್ನ ಅದು ಬುಧವಾರದಿಂದ ಒಂದೇ ಸಮ ಹೇಳ್ತಾ ಇತ್ತು. ನಾಗಮಲ್ಲು ದಾರ ಕೈಯಲ್ಲಿ ಹಿಡ್ಕೊಂಡು ಬಾನೆಟ್ ಕಡೆ ನೋಡ್ತಾ ಹಂಗೇ ನಿಂತ್ಬಿಟ್ಟ.

ಡಿಕ್ಕೀಲಿದ್ದ ಸ್ಟೆಪ್ನಿ ಸರಿಯಾದ ಅಳತೆದು, ಹೆಚ್ಚು ಸವೆದೂ ಇರ್ಲಿಲ್ಲ. ಅದನ್ನ ಹಾಕ್ದ.

"ತಮ್ಮ ಬೇಜಾರ್ ಮಾಡ್ಕೊಳ್ತಾನಲ್ಲೋ" ಅಂದ್ರು ಅವ್ರು.

"ಮಾವನ ಉಡುಗೊರೆ ಡಿಕ್ಕೀಲಿ ಜೊತೇಲೇ ಬರ್ಲಿ ಅಕ್ಕಾರೆ. ನಾಡಿದ್ದು ಸರಿಯಾದ ಸೈಜಿಂದು ತರಿಸೋಕೆ ನಾನೇ ಹೇಳ್ತೀನಿ."

ಮಂಗಳಮ್ಮಣ್ಣಿನ ಪಕ್ಕದಲ್ಲಿ ಕೂರಿಸ್ಕೊಂಡು ಹೊರಟ. ಬಂಕ್ ದಾಟಿದ್ರು. ದೀಪ ಬರ್ಲಿಲ್ಲ. ಊರಾಚೆ ದಾಟಿದ್ರು. ಬರ್ಲಿಲ್ಲ. ಮಳೆಗೆ ನೆನೆದಿದ್ದ ಒಂದು ಖಾಲಿ ರಸ್ತೇಲಿ ನಾಗಮಲ್ಲು ಅವ್ರನ್ನೇ ಸ್ಟೇರಿಂಗ್ ಮುಂದೆ ಕೂರಿಸಿ, "ಈಗ ಜೋರಾಗಿ ಒತ್ತಿ" ಅಂದ. ಒತ್ತಿದ್ರು.

"ಏನೋ ಇದು, ಪೆಡಲ್ಲು ಕಾಲಿಗೆ ಒದೀತಿದೆ."

"ಅದೇ ಅಕ್ಕಾರೆ, ಅದೇ ಕೆಲಸ ಮಾಡ್ತಿರೋದು. ಗಡಗಡ ಅಂದಾಗ ಹೆದರಿ ಕಾಲು ತೆಗೀಬೇಡಿ, ಒತ್ಕೊಂಡೇ ಇರಿ."

ಅವ್ರು ಮತ್ತೊಂದು ಸಲ ಒತ್ತಿ ನೋಡಿದ್ರು. ಕಾಲ ಕೆಳಗೆ ಅದು ಮಿಡೀತಿತ್ತು, ಜೀವ ಇದ್ದಂಗೆ.

ಮಾರನೇ ದಿನ ಸಾಯಂಕಾಲದೊಳಗೆ ಕಾರು ಬೆಟ್ಟ ಇಳಿದು ಬಂತು. ಮಂಗಳಮ್ಮಣ್ಣಿ ಮನೆಗೆ ಹೋಗೋ ಮುಂಚೆ ಗ್ಯಾರೇಜ್ ಮುಂದೆ ನಿಲ್ಲಿಸಿ, ಗಾಜು ಇಳಿಸಿ, ಮೆಲ್ಲಗೆ ಹೇಳಿದ್ರು. ಒಂದು ತಿರುವು ತಿರುಗಿದ್ರೆ ರಸ್ತೆ ತುಂಬ ದನ. ಕೆಳಗೆ ನೀರು ಹರೀತಿದೆ. ಪೂರ್ತಿ ಕಾಲು ಕೊಟ್ಟು ಒತ್ತಿದ್ರಂತೆ, ಪೆಡಲ್ಲು ಗಡಗಡ ಅಂತಂತೆ, ಕಾಲು ತೆಗೀಲಿಲ್ವಂತೆ. ಕಾರು ಆಚೆ ಈಚೆ ಒಂದಿಷ್ಟೂ ಹೊರಳದೆ ನೆಟ್ಟಗೆ ಬಂದು ನಿಂತಾಗ, ಒಂದು ಹಸು ಬಾನೆಟ್ ಮೂಸಿ ನೋಡಿ ಹೋಯ್ತಂತೆ.

"ಇಂದು ಹೆದರ್ಕೊಂಡ್ಲಾ ಅಕ್ಕಾರೆ?"

ಅವ್ರು ಹಿಂದಿನ ಸೀಟಿಗೆ ಕಣ್ಣಲ್ಲೇ ತೋರಿಸಿದ್ರು. ನಾಗಮಲ್ಲು ಬಗ್ಗಿ ನೋಡ್ದ. ದಿಂಬಿಗೆ ಒರಗಿ, ಒಂದು ಕೈ ಹೊಟ್ಟೆ ಮೇಲಿಟ್ಕೊಂಡು, ಇಂದುಮತಿ ನಿದ್ದೆ ಮಾಡ್ತಿದ್ಲು.

"ಬೆಟ್ಟದ ಮೇಲೆ ಮಲಗಿದೋಳು" ಅಂದ್ರು ಅವ್ರ ತಾಯಿ, "ಇನ್ನೂ ಎದ್ದಿಲ್ಲ."

ನೀತಿ: ನಿಮ್ಮನ್ನ ನಂಬಿ ಬಂದವ್ರ ಮುಂದೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ್ಲೇ ಹೇಳಿ. ಎಲ್ಲಾ ಬಲ್ಲೆ ಅನ್ನೋನು ಯಾರನ್ನೂ ಏನೂ ಕೇಳೋದಿಲ್ಲ, ಕೇಳದೋನಿಗೆ ಕಾರಣ ಸಿಗೋದಿಲ್ಲ. ಎಚ್ಚರಿಸೋ ದೀಪ ಗಾಡೀಲಿರ್ಲಿ, ಮನಸ್ಸಲ್ಲಿರ್ಲಿ, ಅದನ್ನ ಕೀಳೋ ಮುಂಚೆ ಅದು ಏನು ಹೇಳ್ತಿದೆ ಅಂತ ಕೇಳಿ.